ಮರೆಪ್ಪನ ಹಾಜರಿ

ಮರೆಪ್ಪನ ಹೆಣದ ಮೇಲೆ ಬಾಗಿ ಬಾಯಿ ತೆರೆದಿದ್ದ ಕುಲದ ಹಿರಿಯ ಬಸಪ್ಪನ ತೋಳನ್ನು ಸತ್ತವನ ಹೆಂಡತಿ ಮುತ್ತವ್ವ ಹಿಡಿದೆಳೆದಳು.

"ಕೂಗಬ್ಯಾಡ ಕಾಕಾ."

"ಹುಚ್ಚಿ ಅದೀಯೇನ? ಎತ್ತೂದಕ್ಕ ಮೊದಲ ಮೂರು ಸಲ ಹೆಸರು ಹಿಡಿದು ಕೂಗಬೇಕು. ಓ ಅನ್ನಲಿಲ್ಲಂದ್ರ ಹೋದ ಅಂತ ತಿಳೀಬೇಕು. ಹಿರಿಯರಿಂದ ಬಂದದ್ದು."

"ಸಾಯೂಮುಂದ ಇವರೇ ಹೇಳ್ಯಾರ. ಸತ್ತಮ್ಯಾಲಾದ್ರೂ ನನ್ನ ಹಾಜರಿ ತಗೀಬ್ಯಾಡ್ರಿ ಅಂತ."

ಬೆಂಗಳೂರಿನ ಸುಂಕದಕಟ್ಟೆಯ ಆ ಓಣಿಯಲ್ಲಿ ನೆರೆದವರು ಮುಖ ಮುಖ ನೋಡಿಕೊಂಡರು. ಕೂಗದೆ ಎತ್ತುವಂತಿಲ್ಲ, ಮುತ್ತವ್ವ ಕೂಗಗೊಡುವುದಿಲ್ಲ. ಶವದ ವ್ಯಾನಿನವನು ಹಾರ್ನ್ ಒತ್ತಿದ.

*

ಮರೆಪ್ಪ ಹುಟ್ಟಿದ್ದು ಹುಬ್ಬಳ್ಳಿಯ ಸೆಟ್ಲಮೆಂಟಿನ ತಂತಿಬೇಲಿಯೊಳಗೆ. ಅವನ ಜಾತಿಯಲ್ಲಿ ಹುಟ್ಟಿದ ಕೂಸೂ ಕಳ್ಳನೇ ಎಂದು ಬಿಳಿಯರು ಕಾಯಿದೆ ಬರೆದು, ಎಲ್ಲರನ್ನೂ ಅಲ್ಲಿ ಕೂಡಿಹಾಕಿದ್ದರು. ದಿನಾ ಕತ್ತಲಾಗುವ ಮೊದಲು ಸಾಲಾಗಿ ನಿಂತು, ಹೆಸರು ಕೂಗಿದಾಗ 'ಹಾಜರ್' ಎನ್ನಬೇಕು. ಚಲೇಜಾವ್ ಚಳವಳಿಯ ವರ್ಷ ಅವನಪ್ಪ ರೇವಣಸಿದ್ದ ಊರ ಹುಡುಗರ ಜೊತೆ ಟೆಲಿಗ್ರಾಫ್ ತಂತಿ ಕಡಿಯಲು ಬೇಲಿ ನುಸುಳಿ ಹೋದ. ಹಾಜರಿಯಲ್ಲಿ ಮರೆಪ್ಪ ಅಪ್ಪನ ದನಿ ಮಾಡಿ 'ಹಾಜರ್' ಅಂದ. ಹತ್ತು ವರ್ಷದ ಗಂಟಲು, ಗೊತ್ತಾಗಿಹೋಯಿತು. ಅಪ್ಪನಿಗೆ ಜೈಲು, ಮಗನ ಬೆನ್ನಿಗೆ ಬೆತ್ತ.

ಸ್ವರಾಜ್ಯ ಬಂದ ಮೇಲೆ, ಜೊತೆಗೆ ತಂತಿ ಕಡಿದ ದೇಸಾಯರ ಮಗನಿಗೆ ತಾಮ್ರಪತ್ರ ಸಿಕ್ಕಿತು. ರೇವಣಸಿದ್ದನದು ತಂತಿ ಕಳವಾಗಿಯೇ ಉಳಿಯಿತು. ಕಾಯಿದೆ ಸತ್ತಿತಂತೆ, ಠಾಣೆಯವರು ಮಾತ್ರ ಅದರ ತಿಥಿ ಮಾಡಲಿಲ್ಲ. ಬೆಂಗಳೂರಿಗೆ ಬಂದು ಗಾರೆ ಕೆಲಸ ಮಾಡುತ್ತ ಮುದುಕನಾದರೂ, ಎಲ್ಲಿ ಬೀಗ ಮುರಿದರೂ ಮರೆಪ್ಪನಿಗೆ ಕರೆ ಬರುತ್ತಿತ್ತು. ಉಣ್ಣುತ್ತಿದ್ದರೆ ಕೈ ತೊಳೆದು ಎದ್ದು ಹೋಗುತ್ತಿದ್ದ.

*

ಬೈಕು ನಿಲ್ಲಿಸಿ ಪೇದೆಯೊಬ್ಬ ಜನರನ್ನು ಸರಿಸಿಕೊಂಡು ಬಂದ.

"ಇಲ್ಲಿ ಮರೆಪ್ಪ ಅನ್ನೋನು ಯಾರಮ್ಮ? ನಂದಿನಿ ಲೇಔಟ್‌ನಲ್ಲಿ ಮನೆ ಕಳ್ಳತನ ಆಗಿದೆ. ಸಾಹೇಬ್ರು ಕರ್ಕೊಂಡ್ ಬಾ ಅಂದವ್ರೆ."

ಬಸಪ್ಪನ ಕೈಗಳು ತಾವಾಗಿಯೇ ಮುಗಿದುಕೊಂಡವು. ಮುತ್ತವ್ವ ಅವನ್ನು ಕೆಳಗಿಳಿಸಿದಳು.

"ಇಲ್ಲೇ ಮಲಗ್ಯಾರ್ರಿ. ಕರೀರಿ."

ಪೇದೆ ಚಟ್ಟ ನೋಡಿ ಟೋಪಿ ತೆಗೆದ. "ಗೊತ್ತಿರ್ಲಿಲ್ಲ ಕಣಮ್ಮ. ಬಿಡಿ, ಬರ್ತೀನಿ."

"ಹಂಗ ಹೋಗಬಾರದ್ರಿ. ಅರವತ್ತು ವರ್ಷ ಕರದೀರಿ. ಇನ್ನು ಮೂರು ಸಲ ಕರದ್ರ ಬಾಯಿ ಸವೀತೈತೇನು? ಹಾಜರ್ ಅಂದ್ರ ಕರಕೊಂಡು ಹೋಗ್ರಿ, ಅನ್ನಲಿಲ್ಲಂದ್ರ ನಾವು ಎತ್ತತೀವಿ."

ಯಾರೂ ದಾರಿ ಬಿಡಲಿಲ್ಲ. ಪೇದೆ ಗಂಟಲು ಸರಿಮಾಡಿಕೊಂಡ.

"ಮರೆಪ್ಪ."

"ಗಟ್ಟಿಯಾಗಿ ಕರೀರಿ ಸಾಹೇಬ್ರ. ಠಾಣೆದಾಗ ಕರದಂಗ."

"ಮರೆಪ್ಪಾ."

ಮೂರನೆಯ ಕೂಗು ಹೊರಡಲು ತಡವಾಯಿತು. ಹೊರಟಿತು.

ಮರೆಪ್ಪನ ತುಟಿಗಳ ನಡುವೆ ಇಟ್ಟಿದ್ದ ವೀಳ್ಯದೆಲೆ ಅಲುಗಲಿಲ್ಲ.