ಹೊಗಳಿದ್ದು ಯಾರನ್ನ, ಬೈದದ್ದು ಯಾರನ್ನ

ನೌಶೀನ್ ಮಾನ್ವಿಯ ಬಳೆ ಅಂಗಡಿಯವರ ಮಗಳು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಎಂ.ಎ. ಮಾಡಿದ್ದೂ ಕನ್ನಡದಲ್ಲೇ. ಗಬ್ಬೂರು ದಾಟಿ ಒಳಗಿರುವ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಬಂದಾಗ ಊರವರು ಹೆಸರು ಕೇಳಿ, ಉರ್ದು ಟೀಚರ್ ಬಂದಾರ ಅಂದುಕೊಂಡಿದ್ದರು. ರಾಯಚೂರಿನಲ್ಲಿ ಮನೆ ಮಾಡಿಕೊಂಡು ದಿನಾ ದೇವದುರ್ಗದ ಬಸ್ಸು ಹಿಡಿದು ಬರುತ್ತಿದ್ದ ಆಕೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

ಹತ್ತನೇ ತರಗತಿಗೆ ಅಲಂಕಾರದ ಪಾಠ ನಡೆದಿತ್ತು. ಮುಖ ಚಂದ್ರನಂತೆ ಇದ್ದರೆ ಉಪಮೆ, ಮುಖವೇ ಚಂದ್ರನಾದರೆ ರೂಪಕ ಎಂದು ಮಕ್ಕಳು ಒಪ್ಪಿಸುತ್ತಿದ್ದರು, ಆದರೆ ಕಣ್ಣ ತುಂಬ ನಿದ್ದೆ. ನೌಶೀನ್ ಪುಸ್ತಕ ಮುಚ್ಚಿದಳು.

"ನಮ್ಮಣ್ಣ ಬಿಸಿಲೇರಿದ ಮ್ಯಾಲೆ ಎದ್ದು ಬಂದ್ರ ನಮ್ಮ ಅಮ್ಮೀ ಏನಂತಾಳ ಗೊತ್ತೇನು? 'ಬರ್ರಿ ನವಾಬ ಸಾಬ್ರ, ನಿಮ್ಮ ಅಪ್ಪಣಿ ಇಲ್ಲದನ ಸೂರ್ಯ ಹುಟ್ಟಿಬಿಟ್ಟಾನ, ತಪ್ಪಾತು' ಅಂತಾಳ. ಇದು ಹೊಗಳಿಕೇನೋ, ಬೈಗುಳೋ?"

"ಬೈಗುಳ ರೀ ಮಿಸ್!"

"ಹೊರಗ ಹೊಗಳಿಕಿ, ಒಳಗ ತೆಗಳಿಕಿ. ಇದಕ್ಕ ವ್ಯಾಜಸ್ತುತಿ ಅಂತಾರ."

ತರಗತಿಗೆ ಜೀವ ಬಂತು. ಮರುದಿನದಿಂದ ಮಕ್ಕಳು ಒಬ್ಬರನ್ನೊಬ್ಬರು ಹೊಗಳಿದ್ದೇ ಹೊಗಳಿದ್ದು. ಎಲ್ಲರಿಗಿಂತ ಚುರುಕು ಮೇಘಾ. ರಾಜ್ಯೋತ್ಸವಕ್ಕೆ ಸ್ವಾಗತ ಭಾಷಣ ಅವಳಿಗೇ ಬಂತು. ಬರೆದು ತೋರಿಸು ಅಂದರೆ, "ಬಾಯಿಲೇ ಹೇಳ್ತೀನಿ ರೀ ಮಿಸ್" ಅಂದಳು. ನೌಶೀನ್ ಒಪ್ಪಿದಳು.

ಅವತ್ತಿನ ಅತಿಥಿ ಶಾಲಾ ಸಮಿತಿಯ ಅಧ್ಯಕ್ಷ ತಾಯಣ್ಣ. ಹೈದರಾಬಾದಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿ ಊರಿಗೆ ಮರಳಿದವನು. ದೇವದುರ್ಗದ ಆಫೀಸುಗಳಿಗೆ ಅಲೆದಲೆದು ಹುಡುಗಿಯರಿಗೆ ಶೌಚಾಲಯ ಮಂಜೂರು ಮಾಡಿಸಿ, ಮುಂದೆ ನಿಂತು ಕಟ್ಟಿಸಿದ್ದ. ಆದರೆ ಬೇಸಿಗೆಯಿಂದಲೂ ಅದಕ್ಕೆ ಬೀಗ. ಕಟ್ಟಿಸಿದವನೇ ಜಡಿದಿದ್ದಾನೆ ಎಂಬ ಮಾತು ಊರಲ್ಲಿತ್ತು.

ಮೇಘಾ ಮೈಕಿನ ಮುಂದೆ ಬಂದು ಕೈಮುಗಿದಳು.

"ನಮ್ಮ ಅಧ್ಯಕ್ಷರು ನಮಗ ಎಂಥಾ ಶೌಚಾಲಯ ಕಟ್ಟಿಸ್ಯಾರಂದ್ರ, ಇವತ್ತಿನ ತನಕ ಒಂದು ನೊಣ ಸುದ್ದಾ ಒಳಗ ಹೋಗಿಲ್ಲ. ಗುಡಿ ಬೀಗಾನೂ ದಿನಾ ತಗೀತಾರ, ಇದಕ್ಕ ಅದೂ ಇಲ್ಲ. ನಾವು ಹುಡುಗ್ಯಾರು ಜಾಲಿಗಿಡದ ಮರೆಗೆ ಹೋಗಿ ಇದರ ಮಡಿ ಕಾಪಾಡೀವಿ. ಇಂಥಾ ಉಪಕಾರ ಯಾರು ಮಾಡ್ತಾರ ರೀ!"

ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ತಾಯಂದಿರು ಸೆರಗು ಬಾಯಿಗಿಟ್ಟು ನಕ್ಕರು. ಹಾರ ಹಾಕಿಕೊಂಡು ಕೂತಿದ್ದ ತಾಯಣ್ಣನೂ ಮೊದಲು ನಕ್ಕ. ಆಮೇಲೆ ನಗು ಅರ್ಧಕ್ಕೇ ನಿಂತಿತು.

ಕಾರ್ಯಕ್ರಮ ಮುಗಿದದ್ದೇ ಹೆಡ್ಮಾಸ್ತರ್ ಪಂಪಾಪತಿಯವರು ನೌಶೀನ್‌ಳನ್ನು ಕೋಣೆಗೆ ಕರೆಸಿದರು. ತಾಯಣ್ಣ ಅಲ್ಲೇ ಇದ್ದ.

"ಮೇಡಂ, ನಾ ಭಾಳ ಓದಿದಾವ ಅಲ್ಲ. ಆ ಹುಡುಗಿ ನನ್ನ ಹೊಗಳಿದ್ಲೋ, ಬೈದಳೋ? ಖರೇ ಹೇಳ್ರಿ."

"ಹೊಗಳಿದ್ಲ ರೀ ಅಧ್ಯಕ್ಷರ, ಸಣ್ಣ ಹುಡುಗಿ" ಎಂದು ಹೆಡ್ಮಾಸ್ತರರೇ ಅವಸರದಿಂದ ಹೇಳಿದರು.

ನೌಶೀನ್ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಳೆ ಅದೇ ತರಗತಿಗೆ ಹೋಗಿ ಯಾವ ಮುಖದಿಂದ ನಿಲ್ಲುವುದು?

"ಬೈದಾಳ ರೀ. ಹೊಗಳಿದಂಗ ಮಾಡಿ ಬೈದಾಳ. ಹಂಗ ಮಾತಾಡೋದು ಕಲಿಸಿದಾಕಿ ನಾನ."

ತಾಯಣ್ಣ ಹಾರ ತೆಗೆದು ಮೇಜಿನ ಮೇಲಿಟ್ಟ. "ಬೀಗ ಹಾಕಿದಾವ ನಾ ಏನು? ಕೆಲಸ ಮುಗಿದ ದಿನಾನ ಕೀಲಿಕೈ ಸರ್ ಕೈಯಾಗ ಕೊಟ್ಟೀನಿ."

ಪಂಪಾಪತಿಯವರು ಕನ್ನಡಕ ಒರೆಸತೊಡಗಿದರು. "ಮ್ಯಾಲಿನವರು ತಪಾಸಣಿಗೆ ಬರೋರಿದ್ರು. ಹುಡುಗ್ಯಾರು ಹೊಲಸು ಮಾಡಿಬಿಟ್ರ ಅಂತ... ಅವರು ಬಂದು ಫೋಟೋ ತಗೊಂಡು ಹೋಗ್ಲಿ, ಆಮ್ಯಾಲೆ ತಗಸಿದ್ರಾತು ಅಂತ..."

"ಬಂದ್ರೇನು?" ತಾಯಣ್ಣ ಕೇಳಿದ.

"ಇನ್ನೂ ಇಲ್ಲ."

ಮಾತನ್ನು ಹೇಗೆ ತಿರುಗಿಸಬೇಕೆಂದು ನೌಶೀನ್ ಕಲಿಸಿದ್ದಳು. ಯಾರ ಮೇಲೆ ತಿರುಗಿಸುತ್ತಿದ್ದೀ, ತಪ್ಪು ಅವರದೇನಾ ಎಂದು ಮೊದಲು ವಿಚಾರಿಸಬೇಕೆಂದು ಹೇಳಿರಲಿಲ್ಲ. ಹೇಳುವುದಿರಲಿ, ಊರ ಮಾತನ್ನು ತಾನೂ ನಂಬಿದ್ದಳು.

ಕೀಲಿಕೈ ಸಿಕ್ಕಿತು, ಬೀಗ ತುಕ್ಕು ಹಿಡಿದಿತ್ತು. ತಾಯಣ್ಣ ಕಲ್ಲಿನಿಂದ ಕುಟ್ಟಿ ಒಡೆದ. ಒಳಗೆ ನಲ್ಲಿಯಲ್ಲಿ ನೀರಿಲ್ಲ. ಹುಡುಗಿಯರು ಬಕೆಟ್ಟಿನಲ್ಲಿ ಹೊತ್ತು ತಂದರು. ಎಲ್ಲ ತಿಳಿದ ಮೇಲೆ ಮೇಘಾ ತಾಯಣ್ಣನ ಮುಂದೆ ತಲೆ ತಗ್ಗಿಸಿ ನಿಂತಳು.

"ಯಪ್ಪಾ, ನಿಮಗ ಅಂದದ್ದು ತಪ್ಪಾತ್ರಿ."

"ಮಂದಿ ಮುಂದ ಬೈದು, ಮೂಲ್ಯಾಗ ತಪ್ಪಾತು ಅಂದ್ರ ಹೆಂಗವ್ವಾ?" ಅಂದ ತಾಯಣ್ಣ, ನಗದೆ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಮೇಘಾ ತಾನೇ ಮುಂದೆ ಬಂದಳು. "ಶೌಚಾಲಯ ತಾಯಣ್ಣನವರು ಕಟ್ಟಿಸ್ಯಾರ. ಬೀಗ ಹಾಕಿದವರು ಅವರಲ್ಲ. ನಾ ವಿಚಾರ್ಸದನ ಅಂದೆ, ತಪ್ಪು ನಂದು." ಬೀಗ ಹಾಕಿದವರು ಯಾರೆಂದು ಅವಳು ಹೇಳಲಿಲ್ಲ. ಎಲ್ಲರೂ ಹೆಡ್ಮಾಸ್ತರರ ಕಡೆ ನೋಡಿದರು. ಅವರು ಧ್ವಜದ ಕಂಬ ನೋಡುತ್ತಿದ್ದರು.

ತರಗತಿಯಲ್ಲಿ ಒಬ್ಬ ಎದ್ದು ಕೇಳಿದ: "ಮಿಸ್, ಇವತ್ತ ಮೇಘಾ ಹೇಳಿದ್ದು ಯಾವ ಅಲಂಕಾರ ರೀ?"

"ಯಾವುದೂ ಅಲ್ಲ. ನೆಟ್ಟಗ ಹೇಳ್ಯಾಳ" ಅಂದಳು ನೌಶೀನ್.

ಪಂಪಾಪತಿಯವರು ಬಹಳ ದಿನ ಆಕೆಯೊಂದಿಗೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಜವಾನನ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ತಾಯಣ್ಣ ಪೈಪು ಎಳೆಸಿದ. ನೀರು ಬಂದ ದಿನ ಹೆಡ್ಮಾಸ್ತರರು ಖುದ್ದಾಗಿ ಹೋಗಿ ನಲ್ಲಿ ತಿರುಗಿಸಿ ನೋಡಿದರು, ಪ್ಯಾಂಟು ತೋಯಿಸಿಕೊಂಡು ಹೊರಗೆ ಬಂದರು.