ಯುನಾನಿಮಸ್

ಐದನೆಯ ರೊಟ್ಟಿ ಬಡಿಯುತ್ತಿದ್ದಾಗ ಗಾದೆಮ್ಮನ ಭಾವ ಜಡೆಪ್ಪ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಕುರುಗೋಡು ಪಂಚಾಯ್ತಿಯ ಅಧ್ಯಕ್ಷ. ಕಂಕುಳಲ್ಲಿ ಠರಾವು ಪುಸ್ತಕ. ಹೆಂಗಸರ ಪಾಲಿನ ಸ್ಥಾನಕ್ಕೆ ತಮ್ಮನ ಹೆಂಡತಿಯ ಹೆಸರು ಬರೆಸಿದ್ದವನೂ ಅವನೇ. ಎರಡು ವರ್ಷದಲ್ಲಿ ಅವಳು ಒಂದು ಸಭೆಯನ್ನೂ ಕಂಡಿರಲಿಲ್ಲ. ಪುಸ್ತಕವೇ ಒಲೆಯವರೆಗೆ ಬಂದು ರುಜು ಹಾಕಿಸಿಕೊಂಡು ಹೋಗುತ್ತಿತ್ತು.

“ಇಲ್ಲೊಂದು ಸೈ ಮಾಡವ್ವ. ನಿಂದೊಂದು ಬಿದ್ರ ಯುನಾನಿಮಸ್.”

“ಹಂಗಂದ್ರ ಏನ್ರಿ ಬಾವಾ?”

ಕೇಳಬಾರದಿತ್ತು. ಬಳ್ಳಾರಿಯ ವಕೀಲರೊಬ್ಬರಿಂದ ಕಲಿತು ಬಂದ ಆ ಪದವನ್ನು ಜಡೆಪ್ಪ ವಾರದಿಂದ ಎಲೆಅಡಿಕೆಯಂತೆ ದವಡೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

“ಲ್ಯಾಟಿನ್ ಅಂತ ಹಳೀ ಭಾಷಾ ಐತಿ. ಅದ್ರಾಗ ಊನುಸ್ ಅಂದ್ರ ಒಂದು, ಆನಿಮುಸ್ ಅಂದ್ರ ಮನಸ್ಸು. ಎರಡೂ ಕೂಡಿ ಈ ಇಂಗ್ಲಿಷ್ ಮಾತಾತು. ಕುಂತವ್ರೆಲ್ಲಾ ಒಂದ ಮನಸ್ಸಿನವ್ರು ಅಂತ. ನಮ್ಮ ಪಂಚಾಯ್ತಿಯಾಗ ಒಡಕಿನ ಮಾತೇ ಇಲ್ಲ, ನೋಡು!”

ಒಡಕು ಎಲ್ಲಿಂದ ಬರಬೇಕು, ಬಾಯಿ ತೆರೆಯುವವನೇ ಒಬ್ಬನಿರುವಾಗ? ಉಳಿದ ಮೂವರ ಮನಸ್ಸು ಅವನು ಕೊಡಿಸುವ ಚಹಾದ ಲೋಟದಲ್ಲೇ ಕರಗುತ್ತದೆ ಎಂದುಕೊಂಡು ಗಾದೆಮ್ಮ ಕತ್ತು ಚಾಚಿ ಓದಿದಳು. ‘ಎಲ್ಲ ಸದಸ್ಯರೂ ಹಾಜರಿದ್ದು ಕೂಲಂಕಷವಾಗಿ ಚರ್ಚಿಸಿ’ ಎಂದಿತ್ತು. ಮೇಲಿದ್ದದ್ದು ನಾಳೆಯ ತಾರೀಖು. ನಾಲ್ಕು ರುಜು ಆಗಲೇ ಬಿದ್ದಿದ್ದವು. ಹೆಣ್ಣುಮಕ್ಕಳ ಶಾಲೆಯ ಕೋಣೆಯನ್ನು ಕೊಟ್ಟೂರಪ್ಪನವರ ಹತ್ತಿ ಇಡಲು ಬಿಟ್ಟುಕೊಡುವ ಠರಾವು. ಕೊಟ್ಟೂರಪ್ಪ ಜಡೆಪ್ಪನ ಬೀಗ. ಗಾದೆಮ್ಮನ ಮಗಳು ಊರಮ್ಮ ಅದೇ ಕೋಣೆಯಲ್ಲಿ ಮೂರನೆಯ ತರಗತಿ.

“ಮತ್ತ ಸಾಲಿ?”

“ಹುಡುಗ್ಯಾರು ರೊಟ್ಟಿ ಬಡಿಯೋದು ಕಲೀಲಿ. ನೀ ಕಲ್ತಿಲ್ಲೇನು?” ಜಡೆಪ್ಪ ತನ್ನ ಮಾತಿಗೆ ತಾನೇ ನಕ್ಕ.

“ಕೈ ಹಿಟ್ಟಾಗೈತ್ರಿ. ಪುಸ್ತಕ ಇಟ್ಟು ಹೋಗ್ರಿ.”

“ನಾಳಿ ಹತ್ತಕ್ಕ ಸಭಾ. ಅಷ್ಟ್ರಾಗ ಕಳಸು ಮತ್ತ.”

ಅವನು ಹೋದ ಮೇಲೆ ಕೈ ಒರೆಸಿಕೊಂಡು ಹಿಂದಿನ ಹಾಳೆಗಳನ್ನು ತಿರುವಿದಳು. ಬೀದಿಗೆ ದೀಪದ ಕಂಬ: ಅದು ನಿಂತದ್ದು ಜಡೆಪ್ಪನ ಬಾಗಿಲ ಮುಂದೆ. ಕೆಳಗೆ ತನ್ನದೇ ಗುಂಡು ಅಕ್ಷರ. ಮುಂದಿನ ಹಾಳೆಯಲ್ಲೂ ಅದೇ ಗುಂಡು ಅಕ್ಷರ. ಭಾವನನ್ನು ಹೀಯಾಳಿಸುತ್ತಿದ್ದ ಮನಸ್ಸು ಆ ಅಕ್ಷರಗಳನ್ನು ಕಂಡು ಇನ್ನಷ್ಟು ಹೇಸಿತು.

“ಯವ್ವಾ, ದೊಡ್ಡಪ್ಪ ಯಾಕ ಬಂದಿದ್ದ?” ಪಡಸಾಲೆಯಿಂದ ಊರಮ್ಮ ಕೇಳಿದಳು.

“ಏನಿಲ್ಲ. ನೀ ಪಾಠ ಓದು.”

ಹೊಲದಿಂದ ಬಂದ ಗಂಡನಿಗೆ ಬಿಸಿ ರೊಟ್ಟಿ ಬಡಿಸಿದಳು, ಅವನಿಗೂ ಹೇಳಲಿಲ್ಲ. ನಾಳೆ ಒಂಬತ್ತಕ್ಕೇ ಒಲೆ ಆರಿಸಬೇಕು. ತನ್ನ ರುಜುವಿಲ್ಲದ ಪುಸ್ತಕವನ್ನು ತಾನೇ ಹೊತ್ತುಕೊಂಡು ಹೋಗಿ, ಚಾವಡಿಯಲ್ಲಿ ಆ ನಾಲ್ವರ ಎದುರಿಗೇ ಕೂರಬೇಕು.