ಹದಿನೈದನೇ ಸೆಕ್ಷನ್ನಿನ ಮೂಲೆ

ಗುರುವಾರ ಬೆಳಿಗ್ಗೆ ಮನೆಯಲ್ಲಿ ಥಿಯಾಳ ಹೊರತು ಯಾರೂ ಇರಲಿಲ್ಲ. ಗಂಡ ನೋಲನ್‌ನ ಮಣ್ಣಿಗೆ ಬಂದವರಲ್ಲಿ ಕೊನೆಯವಳಾಗಿ ಉಳಿದಿದ್ದ ಅವನ ಅಕ್ಕ ಹಿಂದಿನ ಸಂಜೆ ಹೊರಟುಹೋಗಿದ್ದಳು. ಹಾಲಿನ ಲಾರಿ ತನ್ನ ಹೊತ್ತಿಗೆ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಯಿತು. ಬೆಕ್ಕು ತಟ್ಟೆಯ ಮುಂದೆ ಕೂತು ಕಾಯಿತು. ಯಾರೋ ಎಲ್ಲಕ್ಕೂ ಮೊದಲೇ ಹೇಳಿಟ್ಟ ಹಾಗೆ ದಿನ ಸುಮ್ಮನೆ ಶುರುವಾಗಿಬಿಟ್ಟಿತ್ತು.

ಅಡುಗೆಮನೆಯ ಮೇಜಿನ ತುಂಬ ತೊಳೆದಿಟ್ಟ ಪಾತ್ರೆಗಳಿದ್ದವು. ಸಾವಿನ ಮನೆಗೆ ಊರಿನವರು ತಂದುಕೊಟ್ಟ ಬೇಯಿಸಿದ ಆಲೂ, ನೂಡಲ್ಸು, ಹಂದಿಮಾಂಸದ ಪಾತ್ರೆಗಳು. ಪ್ರತಿಯೊಂದರ ತಳಕ್ಕೂ ಟೇಪು ಅಂಟಿಸಿ ಹೆಸರು ಬರೆದಿತ್ತು. ಇವತ್ತು ಅವನ್ನೆಲ್ಲ ಹಿಂತಿರುಗಿಸಬೇಕು ಎಂದುಕೊಂಡು ಥಿಯಾ ಹೋಗುವ ದಾರಿಯ ಲೆಕ್ಕದಲ್ಲಿ ಜೋಡಿಸತೊಡಗಿದಳು. ಸ್ಟೋರ್ಡಾಲ್ ಟೌನ್‌ಶಿಪ್‌ನಲ್ಲಿ ಅದು ಕಷ್ಟದ ಕೆಲಸವಲ್ಲ. ಆರು ಮೈಲಿ ಉದ್ದ, ಆರು ಮೈಲಿ ಅಗಲ, ಮೈಲಿಗೊಂದು ಜಲ್ಲಿ ರಸ್ತೆ, ನಡುವೆ ಮೂವತ್ತಾರು ಚೌಕ, ಒಂದೊಂದು ಚೌಕವೂ ಒಂದು ಸೆಕ್ಷನ್. ಈಶಾನ್ಯದ ಮೂಲೆಯಲ್ಲಿ ಒಂದು ಎಂದು ಶುರುವಾಗಿ, ಎಡಕ್ಕೆ ಹೋಗಿ, ಕೆಳಗಿಳಿದು, ಮತ್ತೆ ಬಲಕ್ಕೆ ತಿರುಗಿ, ಉಳುವ ಎತ್ತಿನ ಹಾಗೆ ಸಾಗುತ್ತದೆ ಎಣಿಕೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಜನರ ಹೆಸರಿಗಿಂತ ಮೊದಲು ಅವರ ಸೆಕ್ಷನ್ನುಗಳನ್ನು ಕಲಿತಿದ್ದಳು. ವಿಶ್ವವಿದ್ಯಾಲಯದಲ್ಲಿ ಭೂಪಟಗಳನ್ನೇ ಓದಿ ಬಂದವಳು. ನೋಲನ್ ಅದನ್ನು ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ. "ನನ್ನ ಹೆಂಡ್ತಿಗೆ ನಿಮ್ಮ ಮುಖ ನೆನಪಿರಲ್ಲ ಕಣ್ರಯ್ಯಾ, ಬೇಲಿ ಎಲ್ಲಿದೆ ಅಂತ ಕೇಳಿ, ಇಂಚು ತಪ್ಪದೆ ಹೇಳ್ತಾಳೆ."

ಪಾತ್ರೆಗಳಿಗೆಲ್ಲ ಜಾಗ ಸಿಕ್ಕಿತು. ಹಿತ್ತಲ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಒಂದು ವಸ್ತುವಿಗೆ ಮಾತ್ರ ಸಿಗಲಿಲ್ಲ. ಅದು ಮೆಕ್ಕೆಜೋಳ ಕಡಿಯುವ ಮಚ್ಚು. ಉದ್ದನೆಯ ಅಲಗು, ಹಿಡಿಗೆ ಕರೀ ಪಟ್ಟಿ. ನೋಲನ್ ಅದನ್ನು ಜೂನ್‌ನಲ್ಲಿ ಆರ್ವಿಲ್ ಕೆಸ್ಲರ್ ಹತ್ತಿರ ಎರವಲು ತಂದಿದ್ದ. ಆರ್ವಿಲ್ ಟೌನ್‌ಶಿಪ್‌ನ ಜಲ್ಲಿ ಲಾರಿ ಓಡಿಸುವವರು, ಎಪ್ಪತ್ತರ ಹತ್ತಿರದ ಒಂಟಿ ಮನುಷ್ಯ. ಹದಿನೈದನೇ ಸೆಕ್ಷನ್ನಿನ ಮೂಲೆಯ ನಾಲ್ಕು ದಾರಿಯಲ್ಲಿ ಆ ಲಾರಿಯೇ ನೋಲನ್‌ನ ಪಿಕಪ್ಪಿಗೆ ಬಡಿದದ್ದು.

ಥಿಯಾ ಮಚ್ಚಿನ ಕಡೆ ನೋಡದೆ ಪಾತ್ರೆಗಳನ್ನು ಮತ್ತೊಮ್ಮೆ ಮೊದಲಿಂದ ಜೋಡಿಸಿದಳು.

ಹತ್ತರ ಸುಮಾರಿಗೆ ಬರ್ನಡೀನ್ ಬಂದರು. ಟೌನ್‌ಶಿಪ್‌ನ ಕ್ಲರ್ಕ್, ಅದರ ಆಡಳಿತ ನೋಡುವ ಮೂರು ಜನರ ಬೋರ್ಡನ್ನು ಮೂವತ್ತು ವರ್ಷದಿಂದ ಸೆರಗಿನ ತುದಿಯಲ್ಲಿ ಕಟ್ಟಿಕೊಂಡವರಂತೆ ನಡೆಸುತ್ತಿದ್ದ ಹೆಂಗಸು. ನೋಲನ್ ಆ ಮೂವರಲ್ಲಿ ಎಲ್ಲರಿಗಿಂತ ಚಿಕ್ಕವನಾಗಿದ್ದ. ಬರ್ನಡೀನ್ ಬಾಗಿಲು ತಟ್ಟದೆ ಒಳಗೆ ಬಂದು, ಕಾಗದದಲ್ಲಿ ಸುತ್ತಿದ್ದ ಜುಕಿನಿ ಬ್ರೆಡ್ಡನ್ನು ಮೇಜಿನ ಮೇಲಿಟ್ಟರು.

"ಹೆದರ್ಕೋಬೇಡ. ಪಾತ್ರೆ ತಂದಿಲ್ಲ. ಕಾಗದ ಬಿಸಾಕಿದ್ರೆ ಮುಗೀತು."

"ಕಾಫಿ ಹಾಕ್ಲಾ?"

"ನೀನು ಕುಡಿಯೋದಾದ್ರೆ ಹಾಕು. ನನ್ನೊಬ್ಬಳಿಗೋಸ್ಕರ ಬೇಡ."

ಇಬ್ಬರೂ ಕುಡಿದರು. ಬರ್ನಡೀನ್ ಮಳೆಯ ಬಗ್ಗೆ, ಚರ್ಚಿನ ಹೆಂಗಸರು ಮರೆತುಹೋದ ಕಾಫಿ ಕೊಳಗದ ಬಗ್ಗೆ ಮಾತಾಡಿದರು. ಈ ಕಡೆಯ ಜನ ಯಾವುದನ್ನೂ ನೇರವಾಗಿ ಶುರುಮಾಡುವುದಿಲ್ಲ. ಹೊಲ ಕೊಯ್ಯುವವರ ಹಾಗೆ ಸುತ್ತಿನಿಂದ ಕತ್ತರಿಸುತ್ತ ನಡುವಿಗೆ ಬರುತ್ತಾರೆ. ಲೋಟ ಖಾಲಿಯಾದ ಮೇಲೆ ಅವರು ಅದನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿದರು.

"ನಾಳೆ ಅಳತೆಯವರು ಬರ್ತಾರಂತೆ. ರಾಜ್ಯದ ಪೊಲೀಸಿನವರು. ಆ ನಾಲ್ಕು ದಾರಿಯಲ್ಲಿ ನಿಂತು, ಯಾವ ಕಡೆಯಿಂದ ಎಷ್ಟು ದೂರ ಕಾಣುತ್ತೆ ಅಂತ ಬರ್ಕೋತಾರೆ."

"ಬರಲಿ."

"ಬರ್ತಾರೆ. ಅದಕ್ಕೇ ನಮ್ಮ ಗಂಡಸ್ರು ಇವತ್ತು ಸಂಜೆ ಬಂದು ಮೂಲೆ ಒಂಚೂರು ಚೊಕ್ಕ ಮಾಡಿ ಹೋಗ್ತಾರಂತೆ. ಹತ್ತು ಹದಿನೈದು ಸಾಲು ಜೋಳ, ಅಷ್ಟೇ. ನಿನ್ನ ಹೊಲ, ನೀನು ಹೂಂ ಅಂದ್ರೆ."

ಥಿಯಾ ಲೋಟ ಕೆಳಗಿಟ್ಟಳು. "ಯಾರಿಗೆ ಹೊಳೀತು ಇದು?"

"ಆರ್ವಿಲ್‌ಗೆ."

"ಅವರಿಗ್ಯಾಕೆ?"

ಬರ್ನಡೀನ್ ಕಿಟಕಿಯ ಹೊರಗೆ ನೋಡಿದರು. "ಆತ ಶೆರಿಫ್ ಮುಂದೆ ಹೇಳಿಕೆ ಕೊಟ್ಟಾಗಿದೆ ಕಣಮ್ಮ. ಜೋಳ ಏನೂ ಅಡ್ಡ ಇರ್ಲಿಲ್ಲ, ಪಿಕಪ್ ಚೆನ್ನಾಗಿ ಕಾಣಿಸ್ತಿತ್ತು, ಬಲಗಡೆಯಿಂದ ಬರೋನಿಗೆ ದಾರಿ ಬಿಡಬೇಕಾದೋನು ನಾನು, ಬಿಡಲಿಲ್ಲ ಅಂತ. ಬೋರ್ಡಿಗೆ ಲಾರಿ ಕೀಲಿ ಕೊಟ್ಟುಬಿಟ್ಟ. ಲೈಸೆನ್ಸ್ ಅಂತೂ ಹೋಯ್ತು. ಇನ್ನೂ ಏನೇನು ಆಗುತ್ತೋ."

"ಕಾಣಿಸ್ತಿತ್ತು ಅಂದ್ರಾ?"

"ಅಂದ. ಎಂಟಡಿ ಜೋಳದ ಮೇಲಿಂದ ನೋಡೋಕೆ ಅವನೇನು ಜಿರಾಫೆಯೇ? ನಾನೂ ಬೈದೆ. ಅದಕ್ಕೆ ಆತ ಅಂತಾನೆ, 'ಬರ್ನಡೀನ್, ಮಾರ್ಚ್‌ನಲ್ಲಿ ಆ ಹುಡುಗ ಎದ್ದು ನಿಂತು ಏನಂದ ಅಂತ ನೀನೇ ಬರ್ಕೊಂಡಿದೀಯ. ಸತ್ತ ಮೇಲೆ ಅವನ ಮಾತನ್ನ ಅವನ ಮೇಲೇ ಹಾಕಬೇಕಾ?' ಅಂತ."

ಥಿಯಾಳಿಗೂ ಆ ಸಭೆ ನೆನಪಿತ್ತು.

ಮಾರ್ಚ್‌ನ ವಾರ್ಷಿಕ ಸಭೆ. ಟೌನ್ ಹಾಲಿನ ಒಲೆ ಹೊಗೆಯಾಡುತ್ತಿತ್ತು, ಜನ ಕೋಟು ಬಿಚ್ಚದೆ ಕೂತಿದ್ದರು. ರಸ್ತೆ, ಜಲ್ಲಿ, ಚರಂಡಿಗಳ ಮಾತು ಮುಗಿದ ಮೇಲೆ ನೋಲನ್ ಎದ್ದು ನಿಂತ. ನಮ್ಮ ನಾಲ್ಕು ದಾರಿಗಳಲ್ಲಿ ಯಾವ ಫಲಕವೂ ಇಲ್ಲ, ಆಗಸ್ಟ್ ಬಂದರೆ ಜೋಳ ಗೋಡೆಯ ಹಾಗೆ ನಿಲ್ಲುತ್ತದೆ, ಆದ್ದರಿಂದ ಹೊಲದ ಮೂಲೆಗಳಲ್ಲಿ ಯಾರೂ ಜೋಳ ಬಿತ್ತಬಾರದು, ಸೋಯಾ ಹಾಕಿ ಇಲ್ಲವೇ ಹುಲ್ಲು ಬಿಡಿ ಎಂದ. ಹಿಂದಿನ ಬೆಂಚಿನಿಂದ ಯಾರೋ, "ನಮ್ಮಜ್ಜನ ಕಾಲದಲ್ಲಿ ಎಲ್ಲರೂ ಹಾಗೇ ಬಿಡ್ತಿದ್ರು. ಈಗ ಮೊದಲು ಬಿಡೋನು ಯಾರಪ್ಪಾ?" ಎಂದರು. "ನಾನೇ. ನನ್ನ ಹದಿನೈದನೇ ಸೆಕ್ಷನ್ನಿನ ಮೂಲೆ," ಎಂದ ನೋಲನ್. ಎಲ್ಲರೂ ಕೈ ಎತ್ತಿದರು. ಥಿಯಾಳೂ ಎತ್ತಿದಳು.

ಮೇ ತಿಂಗಳಲ್ಲಿ ಒಂದು ದೊಡ್ಡ ಮಳೆ ಬಂದು ಮೂವತ್ತನೇ ಸೆಕ್ಷನ್ನಿನ ಹತ್ತಿರ ರಸ್ತೆ ಕೊಚ್ಚಿಹೋಯಿತು. ಬೋರ್ಡಿನವನಾದ್ದರಿಂದ ನೋಲನ್ ದುರಸ್ತಿಗೆಂದು ಅಲ್ಲೇ ನಿಂತ. ಬಿತ್ತನೆ ತಡವಾಗುತ್ತದೆಂದು ಥಿಯಾ ಯಂತ್ರ ಹತ್ತಿದಳು. ಟ್ರ್ಯಾಕ್ಟರು ಉಪಗ್ರಹ ನೋಡಿಕೊಂಡು ತಾನೇ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಹೊಲದ ಎಲ್ಲೆಯ ಗೆರೆ. ಆ ಗೆರೆಯನ್ನು ಚಳಿಗಾಲದಲ್ಲಿ ಕೂತು ಬರೆದವಳು ಅವಳೇ. ರಸ್ತೆಯ ಅಂಚಿನವರೆಗೆ, ಒಂದು ಗಜವೂ ವ್ಯರ್ಥವಾಗದ ಹಾಗೆ. ಅದು ಮಾರ್ಚ್‌ಗೆ ಮೊದಲಿನ ಗೆರೆ. ಅವಳು ಅದನ್ನು ತಿದ್ದಲು ಮರೆತಿದ್ದಳು. ಯಂತ್ರ ಮೂಲೆಯ ತುದಿಯವರೆಗೂ ಹೋಗಿ ಬಿತ್ತಿ ತಿರುಗಿತು. ಗೆರೆ ಎಷ್ಟು ಕರಾರುವಾಕ್ಕಾಗಿದೆ ಎಂದು ಅವಳಿಗೆ ಹೆಮ್ಮೆಯೂ ಆಗಿತ್ತು.

ಮೊಳಕೆ ಬಂದಾಗ ನೋಲನ್ ನೋಡಿ ತಲೆ ಕೆರೆದುಕೊಂಡ. "ಮಾರಾಯ್ತಿ, ನನ್ನ ಮರ್ಯಾದೆ ಮಣ್ಣಲ್ಲಿ ಬಿತ್ತಿದೀಯಲ್ಲೇ," ಎಂದು ನಕ್ಕ. ಕಾಳು ಮಾರುವ ಕಟ್ಟೆಯಲ್ಲಿ ಜನ ಚುಚ್ಚಿದರು: "ಏನಯ್ಯಾ, ಬೋರ್ಡಿನವರ ಜೋಳಕ್ಕೆ ಕಾನೂನು ಓದೋಕೆ ಬರಲ್ವಾ?" ಅದಕ್ಕೆ ಅವನು, "ಆಸೆಗೆ ಬಿದ್ದೆ ಕಣ್ರೋ, ಏನ್ ಮಾಡ್ಲಿ," ಎಂದನಂತೆ. ಹೆಂಡತಿಯ ಹೆಸರು ಎತ್ತಲೇ ಇಲ್ಲ. ಅದೇ ವಾರ ಆರ್ವಿಲ್ ಹತ್ತಿರ ಮಚ್ಚು ತಂದ.

ಹೊರಟೂ ನಿಂತಿದ್ದ. ಥಿಯಾ ತಡೆದಳು. "ನಾನು ಬಿತ್ತಿದ್ದು. ನಾನೇ ಕತ್ತರಿಸ್ತೀನಿ." ಅವಳಿಗೆ ಆಗ ಅದು ನ್ಯಾಯವಾಗಿ ಕಂಡಿತ್ತು. ಆ ಭಾನುವಾರ ಸೆಕೆ. ಮುಂದಿನ ಭಾನುವಾರ ಕೆರೆಗೆ ಹೋದರು. ಆಮೇಲೆ ಜೋಳ ಸೊಂಟಕ್ಕೆ ಬಂತು, ಭುಜಕ್ಕೆ ಬಂತು, ಸೂಲಂಗಿ ಹೊರಟಿತು. ನೋಲನ್ ಮತ್ತೆ ಕೇಳಲಿಲ್ಲ. ಅವಳು ಹೇಳಿದ ಮೇಲೆ ಅದು ಅವಳ ಕೆಲಸ. ಮಾಡುತ್ತಾಳೆ ಎಂದು ಅವನು ನಂಬಿದ್ದ.

"ಏನನ್ನಲಿ ಅವರಿಗೆ?" ಎಂದರು ಬರ್ನಡೀನ್.

"ಬರೋದು ಬೇಡ ಅನ್ನಿ. ನಾನೇ ಕತ್ತರಿಸ್ತೀನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಲ್ಲಿ ಕೇಳಿದ ಮಾತೆಂದು ಅವಳಿಗೆ ಗೊತ್ತಾಯಿತು.

ಬರ್ನಡೀನ್ ಅವಳನ್ನು ಸ್ವಲ್ಪ ಹೊತ್ತು ನೋಡಿದರು. "ಒಬ್ಬಳೇ?"

"ಹೂಂ."

"ಸರಿ. ಕೈಗವಸು ಹಾಕ್ಕೋ. ಆ ಎಲೆ ಕುಯ್ಯುತ್ತೆ."

ಮಧ್ಯಾಹ್ನ ಅವಳು ಮಚ್ಚು ತೆಗೆದುಕೊಂಡು ಹೋದಳು. ನಾಲ್ಕು ದಾರಿ ಸೇರುವಲ್ಲಿ ಜಲ್ಲಿಯ ಮೇಲೆ ಯಾರೋ ಹೊಸ ಮರಳು ಹರಡಿದ್ದರು. ಯಾರೋ ಏನು, ಆರ್ವಿಲ್ಲೇ ಇರಬೇಕು. ಕೀಲಿ ಕೊಡುವ ಮೊದಲು. ಮಿಕ್ಕ ಮೂರು ಮೂಲೆಗಳಲ್ಲಿ ಸೋಯಾ ಮೊಣಕಾಲೆತ್ತರಕ್ಕೆ ನಿಂತಿತ್ತು. ಕೈ ಎತ್ತಿದವರೆಲ್ಲ ಮಾತು ಉಳಿಸಿಕೊಂಡಿದ್ದರು. ಹದಿನೈದರ ಮೂಲೆಯಲ್ಲಿ ಮಾತ್ರ ಜೋಳ, ಕಡು ಹಸಿರು, ಒಂದೊಂದು ದಂಟಿಗೂ ತುಂಬಿದ ತೆನೆ. ಹೊಲದಲ್ಲೆಲ್ಲ ಚೆನ್ನಾಗಿ ಬಂದದ್ದು ಅಲ್ಲೇ.

ಅವಳು ಉತ್ತರದಿಂದ ನಡೆದು ಬಂದು ನಿಂತಳು, ನೋಲನ್ ಬಂದ ದಾರಿ. ಎಡಕ್ಕೆ ನೋಡಿದಳು. ಎಲೆ, ಎಲೆಯ ಹಿಂದೆ ಎಲೆ. ಆಮೇಲೆ ಪೂರ್ವದ ರಸ್ತೆಯಲ್ಲಿ ಹಿಂದಕ್ಕೆ ನಡೆದು, ತಿರುಗಿ, ಆರ್ವಿಲ್ ಬಂದ ಹಾಗೆ ಬಂದಳು. ಬಲಕ್ಕೆ ನೋಡಿದಳು. ರಸ್ತೆಯ ನಡುವಿಗೆ ಬಂದು ನಿಲ್ಲುವವರೆಗೂ ಉತ್ತರದ ದಾರಿ ಕಾಣಿಸಲಿಲ್ಲ.

ಮೊದಲ ದಂಟನ್ನು ಎಡಗೈಯಲ್ಲಿ ಹಿಡಿದಳು. ಮಚ್ಚು ಎತ್ತಿದಳು.

ಇದನ್ನು ಕತ್ತರಿಸಿದರೆ ಸಂಜೆಯೊಳಗೆ ಮೂಲೆ ಬಯಲಾಗುತ್ತದೆ. ನಾಳೆ ಬರುವವರು ದೂರದವರೆಗೆ ಕಾಣುತ್ತದೆ ಎಂದು ಬರೆದುಕೊಳ್ಳುತ್ತಾರೆ. ಮುದುಕನ ಮಾತು ನಿಜವಾಗುತ್ತದೆ. ಊರು ನೋಲನ್‌ನನ್ನು ಒಳ್ಳೆಯವನೆಂದು ನೆನೆಯುತ್ತದೆ, ಆದರೂ ಜೋಳದ ಆಸೆಗೆ ಬಿದ್ದವನು ಎಂಬುದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಎಂದೆಂದಿಗೂ ಕೇಳುವುದಿಲ್ಲ. ಪಾತ್ರೆಗಳಲ್ಲಿ ಊಟ ತರುತ್ತಾರೆ.

ಜೂನ್‌ನಲ್ಲಿ ಮಾಡಬೇಕಾದ ಕೆಲಸವನ್ನು ಇವತ್ತು ಮಾಡಿದರೆ ಅದು ಬೇರೆಯೇ ಕೆಲಸ. ದಂಟನ್ನು ಬಿಟ್ಟಳು. ಅದು ಮೆಲ್ಲಗೆ ತನ್ನ ಸಾಲಿಗೆ ವಾಲಿಕೊಂಡಿತು.

ಆರ್ವಿಲ್ ಮನೆ ಇಪ್ಪತ್ತೆರಡನೇ ಸೆಕ್ಷನ್ನಿನಲ್ಲಿ, ನಡೆದು ಹೋಗುವಷ್ಟು ಹತ್ತಿರ. ಅವರು ಕೊಟ್ಟಿಗೆಯ ಬಾಗಿಲಲ್ಲಿ ತಲೆಕೆಳಗಾದ ಡಬ್ಬದ ಮೇಲೆ ಕೂತಿದ್ದರು, ಕೈಯಲ್ಲಿ ಕೆಲಸವಿಲ್ಲದೆ. ಥಿಯಾ ಬರುವುದನ್ನು, ಅವಳ ಕೈಯಲ್ಲಿದ್ದುದನ್ನು ನೋಡಿ ಎದ್ದು ನಿಂತರು. ಟೋಪಿ ತೆಗೆದರು. ಮಣ್ಣಿನ ದಿನ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಊಟಕ್ಕೆ ಮೊದಲೇ ಹೋಗಿದ್ದರು. ಅಂದಿನಿಂದ ಇಬ್ಬರೂ ಎದುರಾಗಿರಲಿಲ್ಲ.

"ಬಾ ಮಗಳೇ," ಎಂದರು. ಆಮೇಲೆ ಏನು ಹೇಳಬೇಕೆಂದು ತಿಳಿಯದೆ, "ಬಿಸಿಲು," ಎಂದರು.

"ನಿಮ್ಮದು ನಮ್ಮನೇಲಿ ಉಳಿದಿತ್ತು."

"ಅದಕ್ಕೇನು ಅವಸರ ಇತ್ತು."

ಅವರು ಮಚ್ಚು ಇಸಿದುಕೊಂಡರು. ಅಭ್ಯಾಸದಿಂದ ಹೆಬ್ಬೆರಳನ್ನು ಅಲಗಿನ ಮೇಲೆ ಆಡಿಸಿದರು. ಬೆರಳು ಜಿಡ್ಡಾಯಿತು. ಕೊಡುವ ಮೊದಲು ಮಸೆದು, ತುಕ್ಕು ಹಿಡಿಯದಿರಲೆಂದು ಅವರೇ ಸವರಿದ ಎಣ್ಣೆ. ಬೆರಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಇದರಲ್ಲಿ ಒಂದು ದಂಟೂ ಕಡಿದಿಲ್ಲ."

"ಇಲ್ಲ. ಇವತ್ತೂ ಕಡೀಲಿಲ್ಲ. ಮೂಲೆ ಹಾಗೇ ಇದೆ."

"ಬರ್ನಡೀನ್ ಹೇಳಲಿಲ್ವಾ ನಿಂಗೆ?"

"ಹೇಳಿದ್ರು. ಆರ್ವಿಲ್, ಅಲ್ಲಿ ಬಿತ್ತಿದ್ದು ನೋಲನ್ ಅಲ್ಲ. ಅವನು ರಸ್ತೆ ಕೆಲಸದಲ್ಲಿದ್ದ. ನಾನು ಬಿತ್ತಿದೆ, ಹಳೇ ಗೆರೆ ಇಟ್ಕೊಂಡು. ಕಡಿಯೋಕೆ ಹೊರಟೋನನ್ನ ತಡೆದಿದ್ದೂ ನಾನೇ. ನಾನು ಕತ್ತರಿಸ್ತೀನಿ ಅಂದೆ. ಕತ್ತರಿಸ್ಲಿಲ್ಲ."

ಕೊಟ್ಟಿಗೆಯೊಳಗೆ ಒಂದು ಗುಬ್ಬಿ ತೊಲೆಯಿಂದ ತೊಲೆಗೆ ಹಾರಿತು.

"ಆಸೆಗೆ ಬಿದ್ದೆ ಅಂದ ನಮ್ಮ ಮುಂದೆ," ಎಂದರು ಆರ್ವಿಲ್. "ನಾನೂ ನಕ್ಕೆ. ದೊಡ್ಡ ಸುಳ್ಳುಗಾರ."

"ನೀವೂ ಹೇಳಿದೀರಿ ಶೆರಿಫ್ ಮುಂದೆ. ಕಾಣಿಸ್ತಿತ್ತು ಅಂತ."

"ಬಲಕ್ಕಿದ್ದೋನು ಅವನು. ನಿಲ್ಲಬೇಕಾದೋನು ನಾನು."

"ಕಾಣಿಸ್ತಾ?"

ಅವರು ಟೋಪಿಯ ಅಂಚನ್ನು ತಿರುಗಿಸಿದರು.

"ಕಾಣಿಸ್ಲಿಲ್ಲ," ಎಂದರು. "ಕಾಣದೆ ಇದ್ರೆ ನಿಧಾನಿಸಬೇಕಿತ್ತು. ಐವತ್ತು ವರ್ಷ ಆ ದಾರೀಲಿ ಓಡಾಡಿದೀನಿ. ಬಯಲಿರುತ್ತೆ ಅಂದ್ಕೊಂಡು ಬಂದೆ. ಅವನು ಮಾತು ಕೊಟ್ಟಿದ್ನಲ್ಲ."

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅದನ್ನು ತಪ್ಪಿಸಿಕೊಳ್ಳಲು ಅವಳು ಅಲ್ಲಿಗೆ ಬಂದಿರಲಿಲ್ಲ.

"ನಿಧಾನಿಸಲಿಲ್ಲ ಅನ್ನೋದು ನಿಮ್ಮದು, ಅದನ್ನ ನೀವು ಹೇಳಿ," ಎಂದಳು. "ಜೋಳ ನಂದು. ನಾಳೆ ನಾನು ಅಲ್ಲೇ ಇರ್ತೀನಿ, ಅಳತೆಯವರಿಗೆ ನಾನೇ ಹೇಳ್ತೀನಿ. ಸಂಜೆ ಬರ್ನಡೀನ್‌ಗೂ ಹೇಳ್ತೀನಿ, ಮುಂದಿನ ಸಭೇಲಿ ಎಲ್ಲರಿಗೂ ಗೊತ್ತಾಗಲಿ. ನೀವೂ ಬನ್ನಿ. ಕಂಡಿದ್ದಷ್ಟೇ ಹೇಳಿ, ಕಾಣದ್ದು ಬೇಡ."

"ಜನ ಮಾತಾಡ್ತಾರೆ ಮಗಳೇ."

"ನಮ್ಮೂರಿನ ಜನ ಮಾತಾಡಲ್ಲ ಆರ್ವಿಲ್. ಅದೇ ಕಷ್ಟ."

ಅವರ ಬಾಯಂಚು ಒಂದು ಕ್ಷಣ ನಗುವಿನ ಕಡೆ ಹೋಗಿ ವಾಪಸಾಯಿತು. ಗೋಡೆಯ ಹಲಗೆಯ ಮೇಲೆ ಅವರ ಸಲಕರಣೆಗಳೆಲ್ಲ ತೂಗುತ್ತಿದ್ದವು; ಪ್ರತಿಯೊಂದರ ಸುತ್ತಲೂ ಬಿಳೀ ಬಣ್ಣದಲ್ಲಿ ಅದರ ಆಕಾರ ಬರೆದಿತ್ತು, ಯಾವುದು ಹೋದರೂ ತಿಳಿಯಲೆಂದು. ಒಂದು ಆಕಾರ ಮಾತ್ರ ಖಾಲಿಯಿತ್ತು. ಆರ್ವಿಲ್ ಮಚ್ಚನ್ನು ಅಲ್ಲಿ ಸಿಕ್ಕಿಸಲು ನೋಡಿದರು. ಹಿಡಿಯ ತೂತು ಮೊಳೆಗೆ ಸಿಗಲಿಲ್ಲ. ಇನ್ನೊಮ್ಮೆ ನೋಡಿದರು.

"ಕೊಡಿ ಇಲ್ಲಿ," ಎಂದು ಥಿಯಾ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಬಿಳೀ ಗೆರೆಯ ಒಳಗೆ ನೇರಕ್ಕೆ ತೂಗುಹಾಕಿದಳು.